ತಯಾರಕರ ವಿಳಾಸ ಹುಡುಕುತ್ತಾ

ಕೇಳುಗರಿಗೆ ನಮಸ್ಕಾರ.

ತಾನೇ ಹಿಟ್ಟು ನಾದಿ ಬ್ರೆಡ್ ಬೇಯಿಸುವ ಬೇಕರಿ, ಬೀಜವನ್ನು ತಾನೇ ಹುರಿದು ಕೊಡುವ ಕಾಫಿ ಅಂಗಡಿ, ಚೀಸನ್ನೋ ಮಸಾಲೆ ಪದಾರ್ಥಗಳನ್ನೋ ಮಾತ್ರ ಮಾರುವ ಮಳಿಗೆ ನಿಮ್ಮ ಮನೆಯಿಂದ ನಡೆದು ಹೋಗುವಷ್ಟು ದೂರದಲ್ಲಿಯೇ ಇದ್ದರೂ ಇರಬಹುದು. ಆದರೆ ಇಂತಹ ಅಂಗಡಿಗಳಲ್ಲಿ ಹಲವು ಮುಖ್ಯರಸ್ತೆಯ ಬಾಡಿಗೆಯನ್ನು ಭರಿಸಲಾರದೆ ಒಳರಸ್ತೆಗಳಲ್ಲಿ, ದೊಡ್ಡ ಫಲಕವೂ ಇಲ್ಲದೆ ನಡೆಯುವುದರಿಂದ, ಹುಡುಕಿಕೊಂಡು ಹೋಗದ ಹೊರತು ಕಣ್ಣಿಗೆ ಬೀಳುವುದಿಲ್ಲ. ಅವನ್ನು ಹುಡುಕುವ ಬಗೆಯನ್ನು ಕುರಿತು ಇಂದು ಕೆಲವು ಮಾತುಗಳನ್ನು ಹೇಳಬಯಸುತ್ತೇನೆ.

ಹುಡುಕುವ ಶ್ರಮ ಏಕೆ ಬೇಕು ಎಂಬ ಪ್ರಶ್ನೆಗೆ ಬ್ರೆಡ್ಡಿನಲ್ಲಿಯೇ ಉತ್ತರವಿದೆ. ಬ್ರೆಡ್ ಗಟ್ಟಿಯಾಗುವುದು ಕೇವಲ ತೇವ ಆರಿಹೋಗುವುದರಿಂದಲ್ಲ. ಬೇಯುವಾಗ ನೀರು ಹೀರಿ ಸಡಿಲಗೊಂಡ ಪಿಷ್ಟದ ಅಣುಗಳು ತಣಿದ ಮೇಲೆ ಮತ್ತೆ ಒತ್ತಾಗಿ ಜೋಡಿಕೊಳ್ಳುತ್ತವೆ; ಈ ಕ್ರಿಯೆ ಕೋಣೆಯ ಉಷ್ಣತೆಗಿಂತ ಫ್ರಿಜ್ಜಿನ ಉಷ್ಣತೆಯಲ್ಲಿ ಇನ್ನೂ ಬೇಗ ನಡೆಯುತ್ತದೆ. ಹೀಗಾಗಿ ವಾರಕ್ಕಾಗುವಷ್ಟು ಬ್ರೆಡ್ ತಂದು ಫ್ರಿಜ್ಜಿನಲ್ಲಿ ಇಡುವುದಕ್ಕಿಂತ, ಬೆಂದ ದಿನವೇ ಬೇಕಾದಷ್ಟನ್ನು ಮಾತ್ರ ಕೊಳ್ಳುವುದು ಮೇಲು. ಪುಡಿ ಮಾಡಿದ ಕಾಫಿಯ, ಮಸಾಲೆಯ ಪರಿಮಳವೂ ಇಡಿಯಾಗಿದ್ದಾಗಿನದಕ್ಕಿಂತ ಬೇಗ ಹಾರಿಹೋಗುತ್ತದೆ. ತಯಾರಾದ ಗಳಿಗೆಗೂ ತಿನ್ನುವ ಗಳಿಗೆಗೂ ನಡುವಿನ ಅಂತರ ಕಡಿಮೆಯಾದಷ್ಟೂ ರುಚಿ ಹೆಚ್ಚು ಎನ್ನುವಾಗ, ದೂರದ ಹೆಸರುವಾಸಿ ಅಂಗಡಿಗಿಂತ ಹತ್ತಿರದ ಪ್ರಾಮಾಣಿಕ ತಯಾರಕರೇ ನನ್ನ ದೃಷ್ಟಿಯಲ್ಲಿ ಹೆಚ್ಚು ಬೆಲೆಯುಳ್ಳವರು.

ಹುಡುಕಾಟವನ್ನು ಮೊಬೈಲಿನ ನಕಾಶೆಯಿಂದ ಆರಂಭಿಸುವುದು ಸಹಜವೇ. ಆದರೆ ಬೇಕರಿ ಎಂದಷ್ಟೇ ಹುಡುಕಿದರೆ, ಬೇರೆಡೆ ಬೇಯಿಸಿದ್ದನ್ನು ತರಿಸಿ ಮಾರುವವರೂ ತಾವೇ ಬೇಯಿಸುವವರೂ ಒಂದೇ ಪಟ್ಟಿಯಲ್ಲಿ ಬೆರೆತು ಬರುತ್ತಾರೆ. ಅಂಗಡಿಯ ಬಗೆಯ ಬದಲು ನಿಮಗೆ ಬೇಕಾದ ಪದಾರ್ಥದ ಹೆಸರನ್ನೇ ಹಾಕಿ ನೋಡಿ. 2004ರಲ್ಲಿ ಆರಂಭವಾದ, ಸ್ವಯಂಸೇವಕರೇ ಮಾಹಿತಿ ತುಂಬುವ ಓಪನ್‌ಸ್ಟ್ರೀಟ್‌ಮ್ಯಾಪ್ ಎಂಬ ನಕಾಶೆಯಲ್ಲಿ ಬೇಕರಿ, ಚೀಸ್, ಮಸಾಲೆ, ಕಾಫಿ ಅಂಗಡಿಗಳಿಗೆ ಬೇರೆ ಬೇರೆ ಗುರುತುಗಳೇ ಇವೆ. ಇನ್ನು ಗ್ರಾಹಕರು ಕೊಡುವ ನಕ್ಷತ್ರಗಳ ವಿಷಯ: ಅವುಗಳಲ್ಲಿ ಕುರ್ಚಿ, ಬೆಳಕು, ವಾಹನ ನಿಲುಗಡೆಗಳ ಮೇಲಿನ ತೀರ್ಪೂ ಸೇರಿರುತ್ತದೆ. ಯಾವ ತಿನಿಸು ಹೇಗಿತ್ತು ಎಂದು ಹೆಸರು ಹಿಡಿದು ಬರೆದ ನಾಲ್ಕು ಸಾಲುಗಳು ನಕ್ಷತ್ರಗಳಿಗಿಂತ ನಂಬಲರ್ಹ.

ನಕಾಶೆಯಲ್ಲಿ ಸಿಗದವರೂ ಇದ್ದಾರೆ. ದಿನಸಿ ಅಂಗಡಿಯಲ್ಲಿ ಮೆಚ್ಚಿಕೊಂಡು ಕೊಂಡ ಬ್ರೆಡ್ಡಿನ ಪೊಟ್ಟಣವನ್ನು ಎಸೆಯುವ ಮೊದಲು ಒಮ್ಮೆ ತಿರುಗಿಸಿ ನೋಡಿ. ತಯಾರಕರ ವಿಳಾಸ ಅಲ್ಲಿಯೇ ಸಣ್ಣ ಅಕ್ಷರಗಳಲ್ಲಿ ಅಚ್ಚಾಗಿರಬಹುದು, ಅದು ಪಕ್ಕದ ಬಡಾವಣೆಯದೇ ಆಗಿದ್ದರೂ ಆಶ್ಚರ್ಯವಿಲ್ಲ. ನಿಮಗಿಷ್ಟವಾದ ಊಟದ ಮನೆಯ ಅಡುಗೆಯವರನ್ನು ಬಿಡುವಿನ ಹೊತ್ತಿನಲ್ಲಿ ಕೇಳಿದರೆ, ಎಣ್ಣೆ, ಹಿಟ್ಟು, ಮಸಾಲೆಗಳನ್ನು ಎಲ್ಲಿಂದ ತರಿಸುತ್ತಾರೆ ಎಂಬುದನ್ನು ಸಾಮಾನ್ಯವಾಗಿ ಮುಚ್ಚಿಡುವುದಿಲ್ಲ. ಬೇರೆ ನಾಡುಗಳಿಂದ ಬಂದು ನೆಲೆಸಿದವರು ಹೆಚ್ಚಾಗಿರುವ ಬೀದಿಗಳಲ್ಲಿ ಅವರ ಅಡುಗೆಗೆ ಬೇಕಾದ ಸಾಮಗ್ರಿಯ ಅಂಗಡಿಗಳೂ ಹುಟ್ಟಿಕೊಂಡಿರುತ್ತವೆ. ಅಲ್ಲಿ ಕೊಳ್ಳಲು ಬಂದ ಹಿರಿಯರಿಗಿಂತ ಉತ್ತಮ ಮಾರ್ಗದರ್ಶಕರು ಬೇರೆ ಬೇಕಿಲ್ಲ.

ಅಂಗಡಿ ಸಿಕ್ಕಿದ ಮೇಲೆ ಕೇಳಬೇಕಾದ ಮೊದಲ ಪ್ರಶ್ನೆ, ‘ಇದನ್ನು ಎಲ್ಲಿ, ಎಷ್ಟು ಹೊತ್ತಿಗೆ ಮಾಡಿದ್ದು?’ ಎಂಬುದು. ತಾವೇ ಮಾಡುವವರಿಗೆ ಈ ಪ್ರಶ್ನೆಯಿಂದ ಸಂತೋಷವೇ ಆಗುತ್ತದೆ. ಬ್ರೆಡ್ಡನ್ನು ಕೈಗೆತ್ತಿಕೊಳ್ಳಲು ಅವಕಾಶವಿದ್ದರೆ ಅಡಿಭಾಗವನ್ನು ನೋಡಿ: ಗಟ್ಟಿ ಹೊರಪದರದ ಬ್ರೆಡ್ ಚೆನ್ನಾಗಿ ಬೆಂದಿದ್ದರೆ ಅಡಿಯೂ ಕಂದುಬಣ್ಣಕ್ಕೆ ತಿರುಗಿರುತ್ತದೆ, ಬೆರಳಿನ ಗೆಣ್ಣಿನಿಂದ ಬಡಿದಾಗ ಟೊಳ್ಳು ಸದ್ದು ಬರುತ್ತದೆ. ಕಾಫಿಯ ಪೊಟ್ಟಣದ ಮೇಲೆ ಹುರಿದ ದಿನಾಂಕವನ್ನು ಹುಡುಕಿ. ಎಣ್ಣೆಯನ್ನು ಬಿಸಿಲು ಬೀಳುವ ಕಿಟಕಿಯಲ್ಲಿ ಜೋಡಿಸಿಟ್ಟಿದ್ದರೆ ಅಲ್ಲಿ ಕೊಳ್ಳಬೇಡಿ. ಬೆಳಕು ಮತ್ತು ಶಾಖ ಅದನ್ನು ಬೇಗ ಕಮಟಾಗಿಸುತ್ತವೆ.

ಒಂದು ವಿಷಯದಲ್ಲಿ ಮಾತ್ರ ಸಂಕೋಚವನ್ನು ಪೂರ್ತಿ ಬಿಡಬೇಕು. ಗೋಧಿಯಂತಹ ಧಾನ್ಯಗಳಲ್ಲಿರುವ ಗ್ಲುಟೆನ್ ಎಂಬ ಪ್ರೋಟೀನಿನಿಂದ ಕರುಳಿಗೆ ಪೆಟ್ಟಾಗುವ ಸೀಲಿಯಾಕ್ ಕಾಯಿಲೆ ಇರುವವರಿಗೆ ಗೋಧಿಯ ಅಲ್ಪ ಅಂಶವೂ ಹಾನಿಕರ. ಗ್ಲುಟೆನ್‌ರಹಿತ ಎನ್ನಲು ಕೋಡೆಕ್ಸ್ ಎಂಬ ಅಂತರರಾಷ್ಟ್ರೀಯ ಆಹಾರ ಮಾನದಂಡ ನಿಗದಿಪಡಿಸಿದ ಮಿತಿ ಒಂದು ಕಿಲೋ ಆಹಾರದಲ್ಲಿ 20 ಮಿಲಿಗ್ರಾಂ ಗ್ಲುಟೆನ್. ಗೋಧಿಹಿಟ್ಟಿನ ಧೂಳು ಹಾರಾಡುವ ಕೋಣೆಯಲ್ಲಿ ಈ ಮಿತಿಯನ್ನು ಕಾಪಾಡುವುದು ಬಹಳ ಕಷ್ಟ. ಆದ್ದರಿಂದ ಫಲಕವನ್ನಷ್ಟೇ ನಂಬದೆ, ಪ್ರತ್ಯೇಕ ಕೋಣೆ ಮತ್ತು ಪಾತ್ರೆಗಳಿವೆಯೇ ಎಂದು ನೇರವಾಗಿ ಕೇಳಿ. ಕಡಲೆಕಾಯಿ, ಎಳ್ಳು ಒಗ್ಗದವರೂ ಇಷ್ಟೇ ಬಿಡಿಸಿ ಕೇಳಬೇಕು.

ಸಣ್ಣ ತಯಾರಕರು ಅಂದಂದಿನ ಸರಕು ಮುಗಿದೊಡನೆ ಬಾಗಿಲು ಹಾಕುವುದುಂಟು. ನಕಾಶೆಯಲ್ಲಿರುವ ವೇಳೆ ಹಳೆಯದಾಗಿರಲೂಬಹುದು. ಹೊರಡುವ ಮುನ್ನ ಫೋನ್ ಮಾಡಿ, ಬೇಕಾದದ್ದನ್ನು ತೆಗೆದಿಡಲು ಹೇಳಿ. ಅಂಗಡಿಯ ಹೆಸರು ನಕಾಶೆಯಲ್ಲಿ ಇಲ್ಲದಿದ್ದರೆ, ಅವರ ಒಪ್ಪಿಗೆ ಪಡೆದು, ಸರಿಯಾದ ವೇಳೆಯೊಂದಿಗೆ ನೀವೇ ಅದನ್ನು ಸೇರಿಸಿ.

ನಮಸ್ಕಾರ.