ಶಿವಪ್ಪ ನಾಯಕನ ಹೆಸರಿಟ್ಟ ಮೇಲೆ

ನಮಸ್ಕಾರ. ಹೊರಗೆ ಮಳೆ ಜೋರಾಗಿದೆ. ಹೆಂಚಿನ ಮೇಲೆ ಬೀಳುವ ಸದ್ದು ಮೈಕಿಗೂ ಬರುತ್ತಿದೆ, ಸ್ವಲ್ಪ ಸಹಿಸಿಕೊಳ್ಳಿ. ಕರೆಂಟು ಹೋಗುವ ಮೊದಲು ಮಾತು ಮುಗಿಸಬೇಕು.

ಇವತ್ತು ನಮ್ಮ ಶಿವಮೊಗ್ಗದ ಕೃಷಿ ವಿಶ್ವವಿದ್ಯಾಲಯದ ಬಗ್ಗೆ ಮಾತಾಡೋಣ. ಪೂರ್ತಿ ಹೆಸರು ಹೇಳಲು ಒಂದು ಉಸಿರು ಬೇಕು. ಕೆಳದಿ ಶಿವಪ್ಪ ನಾಯಕ ಕೃಷಿ ಮತ್ತು ತೋಟಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯ. ಶುರುವಾಗಿದ್ದು 2012ರಲ್ಲಿ, ನವಿಲೆಯಲ್ಲಿ. ಆಮೇಲೆ ಸಾಗರ ತಾಲ್ಲೂಕಿನ ಇರುವಕ್ಕಿಯಲ್ಲಿ ದೊಡ್ಡ ಆವರಣ ಎದ್ದಿತು. ಹೆಸರು ಆಮೇಲೆ ಸೇರಿದ್ದು. ಹೆಸರಿಟ್ಟಾಗ ಎಲ್ಲರೂ ಖುಷಿಪಟ್ಟರು, ನಾನೂ ಪಟ್ಟೆ. ಆದರೆ ಆ ಹೆಸರು ಎಷ್ಟು ಭಾರದ್ದು ಅಂತ ಯಾರಾದರೂ ಯೋಚಿಸಿದ್ದಾರಾ ಅನ್ನೋದೇ ನನ್ನ ಅನುಮಾನ.

ಶಿವಪ್ಪ ನಾಯಕ ಆಳಿದ್ದು 1645ರಿಂದ 1660ರವರೆಗೆ. ಕೋಟೆ, ಯುದ್ಧ ಎಲ್ಲ ಇದ್ದವು. ಆದರೂ ಜನರ ಬಾಯಲ್ಲಿ ಉಳಿದಿದ್ದು 'ಶಿವಪ್ಪ ನಾಯಕನ ಶಿಸ್ತು'. ಇಲ್ಲಿ ಶಿಸ್ತು ಅಂದರೆ ಶಾಲೆಯ ಡ್ರಿಲ್ ಅಲ್ಲ, ಭೂಕಂದಾಯದ ಲೆಕ್ಕ. ಆ ಲೆಕ್ಕ ಹಾಕಲು ಅವನು ಮಾಡಿದ್ದೇನು ಗೊತ್ತಾ? ಪ್ರತಿ ಊರಿನಲ್ಲೂ ಒಂದೊಂದು ಬಗೆಯ ನೆಲದಲ್ಲಿ ಒಂದೊಂದು ಗದ್ದೆಯನ್ನು ಹನ್ನೆರಡು ವರ್ಷ ತನ್ನ ಖರ್ಚಿನಲ್ಲೇ ಸಾಗುವಳಿ ಮಾಡಿಸಿದ ಅಂತ ಇತಿಹಾಸ ಹೇಳುತ್ತದೆ. ಬಿತ್ತಿದ್ದು ಎಷ್ಟು, ಖರ್ಚು ಎಷ್ಟು, ಬೆಳೆದಿದ್ದು ಎಷ್ಟು, ಎಲ್ಲ ಬರೆಸಿಟ್ಟ. ರೈತರ ಮೇಲಿನ ಪ್ರೀತಿಯಿಂದ ಅಂತ ನಾನು ಹೇಳಲ್ಲ, ತೆರಿಗೆ ಹಾಕಲಿಕ್ಕೇ ಮಾಡಿದ್ದು. ಆದರೂ ಹನ್ನೆರಡು ವರ್ಷ! ರೈತನ ಊರಲ್ಲಿ, ರೈತನ ಮಣ್ಣಲ್ಲಿ!

ಈಗ ಅದೇ ಹೆಸರಿನ ವಿಶ್ವವಿದ್ಯಾಲಯದ ಹೊಣೆ ನೋಡಿ. ಏಳು ಜಿಲ್ಲೆ. ಶಿವಮೊಗ್ಗ, ಚಿಕ್ಕಮಗಳೂರು, ಕೊಡಗು, ಉಡುಪಿ, ದಕ್ಷಿಣ ಕನ್ನಡ, ದಾವಣಗೆರೆ, ಚಿತ್ರದುರ್ಗ. ಹತ್ತು ಕೃಷಿ ವಲಯದಲ್ಲಿ ನಾಲ್ಕು ಇದರ ಪಾಲಿಗೆ. ಆಗುಂಬೆಯಲ್ಲಿ ವರ್ಷಕ್ಕೆ ಸುಮಾರು 7,000 ಮಿಲಿಮೀಟರ್ ಮಳೆ. ಚಳ್ಳಕೆರೆಯಲ್ಲಿ 500 ಬಂದರೆ ಪುಣ್ಯ. ಎರಡಕ್ಕೂ ಒಂದೇ ವಿಶ್ವವಿದ್ಯಾಲಯ ಉತ್ತರ ಹೇಳಬೇಕು. ಅದೂ ಹೋಗಲಿ. ಭದ್ರಾ ನೀರು ಹರಿಯುವ ಚನ್ನಗಿರಿಯ ಅಡಿಕೆಗೂ, ಶೃಂಗೇರಿಯ ಇಳಿಜಾರಿನ ಅಡಿಕೆಗೂ ಇವರೇ ಸಲಹೆ ಕೊಡಬೇಕು. ಚನ್ನಗಿರಿಯಲ್ಲಿ ಬೆಳೆ ಹೆಚ್ಚಾದಷ್ಟೂ, ಬೆಲೆ ಬಿದ್ದೀತು ಅಂತ ಮಲೆನಾಡಿನವನ ಎದೆ ಧಸಕ್ಕೆನ್ನುತ್ತದೆ. ಇಬ್ಬರೂ ಇದೇ ವಿಶ್ವವಿದ್ಯಾಲಯದ ಕೃಷಿ ಮೇಳಕ್ಕೆ ಬಂದು ಒಂದೇ ಮಳಿಗೆಯ ಮುಂದೆ ನಿಲ್ಲುತ್ತಾರೆ.

ಅದಕ್ಕೇ ನಾನು ಕಟ್ಟಡದ ಬಗ್ಗೆ, ರ‍್ಯಾಂಕಿಂಗ್ ಬಗ್ಗೆ ಮಾತಾಡಲ್ಲ. ನನ್ನ ಕೇಳಿಕೆ ಒಂದೇ. ಪ್ರಯೋಗ ನಮ್ಮ ಹೊಲಕ್ಕೆ ಬರಲಿ, ಬಂದು ಹತ್ತು ಹನ್ನೆರಡು ವರ್ಷ ನಿಲ್ಲಲಿ.

ಒಂದು ಸಂಗತಿ ಹೇಳುತ್ತೇನೆ. ಕೆಲವು ವರ್ಷದ ಹಿಂದೆ ತೋಟದ ಮಣ್ಣನ್ನು ಪರೀಕ್ಷೆಗೆ ಕೊಟ್ಟಿದ್ದೆ. ಎಲ್ಲಿ ಅಂತ ಬೇಡ. ಬೇಸಿಗೆಯಲ್ಲಿ ಕೊಟ್ಟ ಮಣ್ಣಿಗೆ ವರದಿ ಬರುವಾಗ ಗೊಬ್ಬರ ಹಾಕಿ ಮುಗಿದಿತ್ತು. ಸರಿ, ಮುಂದಿನ ವರ್ಷಕ್ಕಾಯಿತು ಅಂತ ಓದಿದೆ. ಮಣ್ಣು ಹುಳಿ, ಸುಣ್ಣ ಹಾಕಿ ಅಂತಿತ್ತು. ಹುಳಿ ಅಂತ ನಮ್ಮ ಅಜ್ಜನಿಗೂ ಗೊತ್ತಿತ್ತು. ಕೆಳಗೆ ಅಡಿಕೆಗೆ ಮರಕ್ಕೆ 100 ಗ್ರಾಂ ಸಾರಜನಕ, 40 ಗ್ರಾಂ ರಂಜಕ, 140 ಗ್ರಾಂ ಪೊಟ್ಯಾಷ್. ಪುಸ್ತಕದ ಲೆಕ್ಕ ಅದು, ತಪ್ಪೇನಿಲ್ಲ. ಆದರೆ ಎರಡು ಗುಡ್ಡದ ಸಂದಿನಲ್ಲಿರುವ ನಮ್ಮ ತೋಟದಲ್ಲಿ ಜುಲೈ ಮಳೆಗೆ ಅದರಲ್ಲಿ ಎಷ್ಟು ಬೇರಿಗೆ ಸೇರುತ್ತದೆ, ಎಷ್ಟು ಹಳ್ಳಕ್ಕೆ ಹೋಗುತ್ತದೆ? ಅದನ್ನು ವರದಿ ಹೇಳಲಿಲ್ಲ. ನನಗೆ ಬೇಕಿದ್ದದ್ದು ಅದೇ.

ಹಾಗಂತ ತೋಟಕ್ಕೇ ಬಂದು ನೋಡಿದವರು ಇಲ್ಲದಿಲ್ಲ. ಲೆಸ್ಲಿ ಕೋಲ್ಮನ್ ಅಂತ ಕೆನಡಾದವರು. 1908ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದರು. ಆಗ ಅಡಿಕೆಗೆ ಕೊಳೆರೋಗ, ಮಳೆಗಾಲದಲ್ಲಿ ಕಾಯಿ ಕೊಳೆತು ಉದುರುವ ರೋಗ. ಮಲೆನಾಡಿನವರು ಅಡಿಕೆ ಗೊನೆಗೆ ಕೊಟ್ಟೆ, ಅಂದರೆ ಹೊದಿಕೆ, ಕಟ್ಟಿ ಮಳೆಯಿಂದ ಕಾಯುತ್ತಿದ್ದರು. ಕೋಲ್ಮನ್ ರೋಗ ತರುವ ಶಿಲೀಂಧ್ರವನ್ನು ಗುರುತಿಸಿ, ಬೋರ್ಡೋ ದ್ರಾವಣ ಹೊಡೆಯುವುದನ್ನು ಕಲಿಸಿದರು. ನೂರು ವರ್ಷ ದಾಟಿತು. ನಮ್ಮ ಅಂಗಳದಲ್ಲಿ ಇವತ್ತಿಗೂ ಅದೇ ಮದ್ದು. ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ, ನೂರು ಲೀಟರ್ ನೀರು. ಎರಡನ್ನೂ ಬೇರೆ ಬೇರೆ ಡ್ರಮ್ಮಿನಲ್ಲಿ ಕರಗಿಸಿ ಆಮೇಲೆ ಸೇರಿಸಬೇಕು. ಹದ ನೋಡಲು ಗೊನೆಗಾರ, ಅಂದರೆ ಮರ ಹತ್ತಿ ಮದ್ದು ಹೊಡೆಯುವವನು, ಸೊಂಟದ ಕತ್ತಿಯನ್ನೇ ಅದ್ದುತ್ತಾನೆ. ತೆಗೆದಾಗ ಕಬ್ಬಿಣದ ಮೇಲೆ ಕೆಂಪು ಹಿಡಿದರೆ ಸುಣ್ಣ ಸಾಲದು, ಇನ್ನೊಂದಿಷ್ಟು ಹಾಕು. ಕತ್ತಿ ಇದ್ದಂತೇ ಇದ್ದರೆ ಹೊಡೆಯಬಹುದು. ಯಾವ ಯಂತ್ರವೂ ಬೇಡ. ವಿಜ್ಞಾನ ಅಂಗಳಕ್ಕೆ ಇಳಿಯುವುದು ಅಂದರೆ ಇದು, ಅಲ್ವಾ?

ಈಗ ಅಡಿಕೆಗೆ ಎಲೆಚುಕ್ಕಿ ರೋಗ ಬಂದಿದೆ. ಕಳಸ, ಶೃಂಗೇರಿ, ತೀರ್ಥಹಳ್ಳಿ, ಹೊಸನಗರದ ತೋಟಗಳಿಗೆ ಹೋಗಿ ನೋಡಿ, ಸೋಗೆ, ಅಂದರೆ ಅಡಿಕೆ ಮರದ ಗರಿ, ಸುಟ್ಟ ಹಾಗೆ ಕಾಣುತ್ತದೆ. ರೋಗ ಬಂದ ಸೋಗೆ ಕಡಿದು ಸುಡಿ, ಔಷಧಿ ಹೊಡೆಯಿರಿ ಅಂತಾರೆ. ಅರವತ್ತು ಅಡಿ ಮರ. ಸುತ್ತಲೂ ಮಳೆ. ಮರ ಹತ್ತುವವರು ವಾರಕ್ಕೊಬ್ಬರೂ ಸಿಗಲ್ಲ. ಪಕ್ಕದವನು ಕಡಿಯದಿದ್ದರೆ ಗಾಳಿಯಲ್ಲಿ ಮತ್ತೆ ಬರುತ್ತದೆ. ಕಡಿದ ಹಸಿ ಸೋಗೆ ಆ ಮಳೆಯಲ್ಲಿ ಉರಿಯುವುದಾದರೂ ಹೇಗೆ? ಸಲಹೆ ಬರೆದವರಿಗೆ ಇದು ಗೊತ್ತಿಲ್ಲ ಅಂತಲ್ಲ. ಆದರೆ ಒಂದು ಇಡೀ ಕಣಿವೆಯಲ್ಲಿ, ಎಲ್ಲರ ತೋಟದಲ್ಲೂ ಒಟ್ಟಿಗೆ ಮಾಡಿ, ಕೂಲಿ ಸಮೇತ ಲೆಕ್ಕ ಬರೆದು ತೋರಿಸಿದರೆ ಮಾತ್ರ ನಮಗೆ ನಂಬಿಕೆ.

ಇನ್ನೊಂದು ತಲೆನೋವಿದೆ. ಕಾಫಿ ಕೇಳಿದರೆ ಬಾಳೆಹೊನ್ನೂರಿನ ಕಾಫಿ ಮಂಡಳಿಯ ಕೇಂದ್ರ. ಏಲಕ್ಕಿಗೆ ಕೊಡಗಿನ ಅಪ್ಪಂಗಳದ ಸಂಶೋಧನಾ ಕೇಂದ್ರ. ಅಡಿಕೆಗೆ ವಿಟ್ಲದಲ್ಲಿ ಕೇಂದ್ರ ಸರ್ಕಾರದ ಸಂಸ್ಥೆ. ಮೂಡಿಗೆರೆಯಲ್ಲಿ, ನವಿಲೆಯಲ್ಲಿ, ಬ್ರಹ್ಮಾವರದಲ್ಲಿ ನಮ್ಮ ವಿಶ್ವವಿದ್ಯಾಲಯದ ಕೇಂದ್ರಗಳೂ ಇವೆ. ಒಂದೊಂದು ಬೆಳೆಗೆ ಒಂದೊಂದು ಯಜಮಾನ. ಆದರೆ ನಮ್ಮ ತೋಟದಲ್ಲಿ ಅಡಿಕೆ ಮರಕ್ಕೆ ಮೆಣಸಿನ ಬಳ್ಳಿ ಹಬ್ಬಿದೆ, ಕೆಳಗೆ ಕಾಫಿ, ಬದುವಿಗೆ ಏಲಕ್ಕಿ, ಕೆಳಗಡೆ ಒಂದು ತುಂಡು ಗದ್ದೆ. ಒಂದಕ್ಕೆ ಹೊಡೆದ ಔಷಧಿ ಉಳಿದದ್ದರ ಮೇಲೂ ಬೀಳುತ್ತದೆ. ಇಡೀ ತೋಟವನ್ನು ಒಂದಾಗಿ ನೋಡುವ ಕೆಲಸ ಬಾಕಿ ಇದೆ. ಅದನ್ನು ವಿಶ್ವವಿದ್ಯಾಲಯವಲ್ಲದೆ ಬೇರೆ ಯಾರು ಮಾಡಬೇಕು?

ಭತ್ತದಲ್ಲಿ ಒಳ್ಳೆಯ ಕೆಲಸ ಆಗಿದೆ, ಹೇಳದಿದ್ದರೆ ಪಾಪ. ಬೆಂಕಿರೋಗ ತಡೆಯುವ ಕೆಂಪಕ್ಕಿ ತಳಿ ಸಹ್ಯಾದ್ರಿ ಮೇಘ. ಕರಾವಳಿಯ ನೆರೆ ನಿಲ್ಲುವ ಗದ್ದೆಗೆ ಸಹ್ಯಾದ್ರಿ ಪಂಚಮುಖಿ. ಒಳ್ಳೆ ತಳಿಗಳು. ವಿಪರ್ಯಾಸ ನೋಡಿ, ತಳಿ ಬರುವಷ್ಟರಲ್ಲಿ ನಮ್ಮ ಕಡೆ ಗದ್ದೆಗೆ ಮಣ್ಣು ಹೊಡೆಸಿ ಅಡಿಕೆ ಸಸಿ ಇಟ್ಟಾಗಿತ್ತು.

ವಿದ್ಯಾರ್ಥಿಗಳ ವಿಷಯವೂ ಹೇಳಬೇಕು. ಕೊನೆಯ ವರ್ಷದ ಮಕ್ಕಳು ಹಳ್ಳಿಗೆ ಬಂದು ಇರುತ್ತಾರೆ, ರಾವೆ ಅಂತಾರೆ ಅದಕ್ಕೆ. ಒಂದು ಸಲ ನಮ್ಮೂರಿಗೂ ಬಂದಿದ್ದರು. ಶಾಲೆ ಅಂಗಳದಲ್ಲಿ ರಂಗೋಲಿ ಪುಡಿಯಲ್ಲಿ ಇಡೀ ಊರಿನ ನಕ್ಷೆ ಬರೆದರು. ಹಸಿರು ತೋಟ, ನೀಲಿ ಹಳ್ಳ, ಹಳದಿ ರಸ್ತೆ. ನಮ್ಮ ದೊಡ್ಡಪ್ಪ ಬಗ್ಗಿ ನೋಡಿ, "ನಮ್ಮ ಕೆರೆ ಎಲ್ಲಿ?" ಅಂದರು. ಒಬ್ಬಳು ಹುಡುಗಿ ತಕ್ಷಣ ನೀಲಿ ಪುಡಿ ತಂದು ಕೆರೆ ಹಾಕಿದಳು. ಫೋಟೊ ತೆಗೆದರು. ಅರ್ಧ ಗಂಟೆಗೆ ಮಳೆ ಬಂದು ಊರೆಲ್ಲ ಒಂದೇ ಬಣ್ಣವಾಗಿ ಚರಂಡಿಗೆ ಹರಿಯಿತು. ಚೂಟಿ ಮಕ್ಕಳು, ಅವರನ್ನು ದೂರಲ್ಲ. ಮುಂದಿನ ವರ್ಷ ಬೇರೆ ತಂಡ, ಬೇರೆ ಊರು. ಹೊಸ ತಂಡದ ಕೈಗೆ ಹಿಂದಿನ ತಂಡದ ಪುಸ್ತಕ ಕೊಟ್ಟು, ಅದೇ ಊರಿಗೆ, ಅದೇ ಹತ್ತು ತೋಟಕ್ಕೆ ವರ್ಷಾ ವರ್ಷ ಕಳಿಸಿದರೆ? ಹನ್ನೆರಡು ವರ್ಷದಲ್ಲಿ ಹನ್ನೆರಡು ತಂಡ. ಇದಕ್ಕೆ ಹೊಸ ಕಟ್ಟಡವೇನೂ ಬೇಡ.

ದುಡ್ಡಿಲ್ಲ, ಪ್ರಾಜೆಕ್ಟು ಮೂರು ವರ್ಷಕ್ಕೆ ಮುಗಿಯುತ್ತದೆ ಅನ್ನುತ್ತಾರೆ. ಒಪ್ಪುತ್ತೇನೆ. ಆದರೆ ಅಡಿಕೆ ಸಸಿ ಫಸಲಿಗೆ ಬರಲಿಕ್ಕೇ ಐದಾರು ವರ್ಷ ಬೇಕಲ್ಲ ಮಾರಾಯ್ರೆ. ಸಸಿ ಗೊನೆ ಬಿಡುವ ಮೊದಲೇ ಪ್ರಾಜೆಕ್ಟಿನ ಫೈಲು ಮುಚ್ಚಿರುತ್ತದೆ.

ಇನ್ನು ಮಳೆ ಲೆಕ್ಕ. ಮಲೆನಾಡಿನ ಎಷ್ಟೋ ಮನೆಗಳ ಅಂಗಳದಲ್ಲಿ ಮಳೆ ಅಳೆಯುವ ಡಬ್ಬಿ ಇದೆ. ಬೆಳಿಗ್ಗೆ ಕಾಫಿ ಕುಡಿಯುವ ಮೊದಲು ಅಪ್ಪ ನೀರು ಅಳೆದು ಕ್ಯಾಲೆಂಡರಿನಲ್ಲಿ ಬರೆಯುತ್ತಾರೆ. ಅವರದ್ದು ಇನ್ನೂ ಇಂಚು, ಸೆಂಟಿನ ಲೆಕ್ಕ, ಸೆಂಟು ಅಂದರೆ ಇಂಚಿನ ನೂರನೇ ಒಂದು ಪಾಲು. ಪಕ್ಕದಲ್ಲೇ 'ಮದ್ದು ಹೊಡೆದದ್ದು', 'ಕೊಳೆ ಶುರು', 'ಗೊನೆಗಾರ ಬರಲಿಲ್ಲ' ಅಂತೆಲ್ಲ ಇರುತ್ತದೆ. ಯಾರೂ ಕೇಳಿಕೊಂಡು ಬಂದಿಲ್ಲ. ಬಂದರೆ ಕೊಡುತ್ತೇವೆ. ಮೂವತ್ತು ವರ್ಷದ್ದು ಅಟ್ಟದ ಮೇಲಿದೆ, 1994ರದ್ದು ಮಾತ್ರ ಆಗಸ್ಟ್‌ನಿಂದಾಚೆಗೆ ಇಲಿ ತಿಂದಿದೆ.