ಕಣ್ಣಂಚಿನ ತಾಮ್ರದ ಉಂಗುರ

ಕೇಳುಗರಿಗೆ ನಮಸ್ಕಾರ.

ಕಣ್ಣಿನ ಡಾಕ್ಟರು ದೀಪ ಹಿಡಿದು ನೋಡುವಾಗ, ಅಪರೂಪಕ್ಕೆ ಕೆಲವರ ಕಪ್ಪುಗುಡ್ಡೆಯ ಅಂಚಿನಲ್ಲಿ ಕಂದು ಬಣ್ಣದ ಒಂದು ಉಂಗುರ ಕಾಣುತ್ತದೆ. ಅದು ನಿಜವಾದ ತಾಮ್ರ. ಊಟದ ಜೊತೆ ಒಳಗೆ ಹೋಗಿ, ಹೊರಗೆ ಬರಲು ದಾರಿ ಸಿಗದೆ ಅಲ್ಲಿ ಕೂತ ತಾಮ್ರ. ಕಣ್ಣಿನಲ್ಲಿ ಉಂಗುರ ಕಟ್ಟುವ ಹೊತ್ತಿಗೆ, ಬಹಳ ಸಲ ಅದು ಮಿದುಳಿಗೂ ಇಳಿದಿರುತ್ತದೆ.

ಇದಕ್ಕೆ ವಿಲ್ಸನ್ ಕಾಯಿಲೆ ಎಂದು ಹೆಸರು. 1912ರಲ್ಲಿ ಕಿನ್ನಿಯರ್ ವಿಲ್ಸನ್ ಎಂಬ ನರರೋಗ ವೈದ್ಯರು ಇದನ್ನು ವಿವರವಾಗಿ ಬರೆದಿಟ್ಟರು. ನಮ್ಮ ದೇಹಕ್ಕೆ ಬೇಕಾದಷ್ಟು ತಾಮ್ರ ಬಳಸಿಕೊಂಡು, ಮಿಕ್ಕಿದ್ದನ್ನು ಲಿವರ್ ಪಿತ್ತರಸದಲ್ಲಿ ಸೇರಿಸಿ ಹೊರಗೆ ಕಳಿಸುತ್ತದೆ. ಆ ಕೆಲಸ ನೋಡಿಕೊಳ್ಳುವ ಒಂದು ಜೀನ್ ಕೆಟ್ಟಿದ್ದರೆ ತಾಮ್ರ ಲಿವರ್‌ನಲ್ಲೇ ಉಳಿಯುತ್ತದೆ. ವರ್ಷಗಟ್ಟಲೆ ತುಂಬಿ, ಕೊನೆಗೆ ಉಕ್ಕಿ ಬೇರೆ ಕಡೆ ಹರಿಯುತ್ತದೆ. ಹದಿಹರೆಯದ ಹುಡುಗಿಯ ಕೈ ನಡುಗಲು ಶುರುವಾಗುತ್ತದೆ. ಅಕ್ಷರ ಕೆಡುತ್ತದೆ. ಮಾತು ತೊದಲುತ್ತದೆ. ಸುಮ್ನೆ ಸುಮ್ನೆ ಸಿಟ್ಟು ಬರುತ್ತದೆ. ಓದಿನಲ್ಲಿ ಹಿಂದೆ ಬಿದ್ದಳು, ಹಟ ಜಾಸ್ತಿಯಾಯಿತು ಎಂದು ಮನೆಯವರು ಗದರುತ್ತಾರೆ. ಪಾಪ, ಅವಳ ತಪ್ಪು ಏನೂ ಇಲ್ಲ.

ಹಾಗಾದರೆ ತಾಮ್ರ ವಿಷವೇ? ಅಲ್ಲ. ಮೆಂಕೆಸ್ ಕಾಯಿಲೆ ಎಂದು ಇನ್ನೊಂದಿದೆ. ಅಲ್ಲಿ ಮಗುವಿನ ಮಿದುಳಿಗೆ ತಾಮ್ರ ತಲುಪುವುದೇ ಇಲ್ಲ, ಎಳೆಯ ವಯಸ್ಸಿನಲ್ಲೇ ನರಗಳು ಸಾಯತೊಡಗುತ್ತವೆ. ಲೋಹ ಹೆಚ್ಚಾದರೂ ಕಷ್ಟ, ಇಲ್ಲದಿದ್ದರೂ ಕಷ್ಟ. ಅದು ಎಲ್ಲಿದೆ, ಯಾರ ಕಾವಲಿನಲ್ಲಿದೆ ಎಂಬುದೇ ಮುಖ್ಯ ಎಂದು ನನಗೆ ಅನ್ನಿಸುತ್ತದೆ.

ಕಬ್ಬಿಣದ ಕತೆಯಲ್ಲಿ ಇದು ಇನ್ನೂ ಚೆನ್ನಾಗಿ ಕಾಣುತ್ತದೆ. ಮಿದುಳಿನ ಬುಡದಲ್ಲಿ ಕಪ್ಪು ಬಣ್ಣದ ಒಂದು ಸಣ್ಣ ಪಟ್ಟಿಯಿದೆ. ಡೋಪಮಿನ್ ಎಂಬ ರಾಸಾಯನಿಕ ತಯಾರಾಗುವ ಜಾಗಗಳಲ್ಲಿ ಅದು ಮುಖ್ಯವಾದದ್ದು. ನಾವು ಸಲೀಸಾಗಿ ಕೈಕಾಲು ಆಡಿಸುವುದಕ್ಕೆ ಆ ಡೋಪಮಿನ್ ಬೇಕು. ಅದನ್ನು ತಯಾರಿಸುವ ಕಿಣ್ವಕ್ಕೆ ಕಬ್ಬಿಣ ಬೇಕೇ ಬೇಕು. ಪಾರ್ಕಿನ್ಸನ್ ಕಾಯಿಲೆಯಲ್ಲಿ ಸಾಯುವುದು ಇಲ್ಲಿನ ನರಕೋಶಗಳು. ಕಬ್ಬಿಣ ಅಳತೆ ಮೀರಿ ಸೇರಿರುವುದೂ ಇಲ್ಲೇ.

ಕಬ್ಬಿಣ ಏನು ಹಾನಿ ಮಾಡುತ್ತದೆ? 1894ರಲ್ಲಿ ಹೆನ್ರಿ ಫೆಂಟನ್ ಎಂಬ ರಸಾಯನಶಾಸ್ತ್ರಜ್ಞರು ಒಂದು ಕ್ರಿಯೆಯ ಬಗ್ಗೆ ಬರೆದರು. ಕಬ್ಬಿಣಕ್ಕೆ ಹೈಡ್ರೋಜನ್ ಪೆರಾಕ್ಸೈಡ್ ಸಿಕ್ಕಿದರೆ ಭಾರಿ ಚುರುಕಿನ ಕಣಗಳು ಹುಟ್ಟುತ್ತವೆ. ಹತ್ತಿರದಲ್ಲಿ ಏನಿದ್ದರೂ, ಕೊಬ್ಬಾಗಲಿ ಪ್ರೋಟೀನ್ ಆಗಲಿ, ಅದನ್ನು ಕೆಡಿಸುತ್ತವೆ. ಈಗ ನೋಡಿ, ಡೋಪಮಿನ್ ಒಡೆಯುವಾಗ ಹುಟ್ಟುವುದೂ ಇದೇ ಪೆರಾಕ್ಸೈಡ್. ಬೆಂಕಿಕಡ್ಡಿ, ಸೀಮೆಎಣ್ಣೆ ಎರಡೂ ಒಂದೇ ಕೋಣೆಯಲ್ಲಿ ಇಟ್ಟ ಹಾಗಾಯಿತು, ಅಲ್ವಾ? ದಿನವೂ ಬೆಂಕಿ ಹತ್ತದಿರಲು ಕಾರಣ ಫೆರಿಟಿನ್ ಎಂಬ ಪ್ರೋಟೀನ್. ಅದೊಂದು ಟೊಳ್ಳು ಚೆಂಡು. ಸಾವಿರಾರು ಕಬ್ಬಿಣದ ಪರಮಾಣುಗಳನ್ನು ಒಳಗೆ ಕೂಡಿಟ್ಟು, ಬೇಕಾದಾಗ ಬೇಕಾದಷ್ಟೇ ಹೊರಗೆ ಬಿಡುತ್ತದೆ.

ಜಾಸ್ತಿ ಇರುವ ಕಬ್ಬಿಣವನ್ನು ತೆಗೆದುಬಿಟ್ಟರೆ ಆಯಿತಲ್ಲ ಎಂದು ಯಾರಿಗಾದರೂ ಅನ್ನಿಸುತ್ತದೆ. ಸಂಶೋಧಕರಿಗೂ ಅನ್ನಿಸಿತು. ಡೆಫೆರಿಪ್ರೋನ್ ಎಂಬ ಔಷಧಿಗೆ ಕಬ್ಬಿಣವನ್ನು ಹಿಡಿದು ಹೊರಗೆ ಸಾಗಿಸುವ ಗುಣವಿದೆ. ಆಗಷ್ಟೇ ಪಾರ್ಕಿನ್ಸನ್ ಗೊತ್ತಾಗಿದ್ದ, ಇನ್ನೂ ಡೋಪಮಿನ್ ಕೊರತೆ ತುಂಬುವ ಮಾತ್ರೆ ಶುರು ಮಾಡದ 372 ಜನರ ಮೇಲೆ 36 ವಾರ ಪರೀಕ್ಷೆ ನಡೆಯಿತು. 2022ರಲ್ಲಿ ಫಲಿತಾಂಶ ಬಂತು. ಸ್ಕ್ಯಾನ್‌ನಲ್ಲಿ ಕಬ್ಬಿಣ ಇಳಿದಿತ್ತು. ಆದರೆ ಔಷಧಿ ತೆಗೆದುಕೊಂಡವರ ಸ್ಥಿತಿ, ತೆಗೆದುಕೊಳ್ಳದವರಿಗಿಂತ ಹದಗೆಟ್ಟಿತ್ತು. ಡೋಪಮಿನ್ ತಯಾರಿಕೆಗೆ ಬೇಕಿದ್ದ ಕಬ್ಬಿಣವೂ ಹೊರಟುಹೋಗಿರಬಹುದು ಎಂಬುದು ಒಂದು ವಿವರಣೆ. ಈ ಸುದ್ದಿ ಓದಿದಾಗ ನನಗೆ ತುಂಬ ಬೇಸರವಾಯಿತು. ಭರವಸೆಯಿಟ್ಟು ಅಷ್ಟು ಜನ ಮುಂದೆ ಬಂದಿದ್ದರು. ಆದರೂ ಅವರಿಂದ ನಾವು ಕಲಿತದ್ದು ಸಣ್ಣದಲ್ಲ. ಆಲ್‌ಝೈಮರ್ ಕಾಯಿಲೆಯಲ್ಲೂ ಇದೇ ಔಷಧಿಯನ್ನು ಪರೀಕ್ಷಿಸಿದರು. ಅಲ್ಲೂ ಮರೆವು ಬೇಗ ಮುಂದುವರಿಯಿತು.

ಆಲ್‌ಝೈಮರ್‌ನಲ್ಲಿ ಮಿದುಳಿನ ತುಂಬ ಪ್ರೋಟೀನ್ ಗಂಟುಗಳಿರುತ್ತವೆ. ಅವುಗಳಲ್ಲಿ ಸತು, ತಾಮ್ರ, ಕಬ್ಬಿಣ ಮೂರೂ ಸಿಕ್ಕಿವೆ. ಲೋಹದಿಂದ ಗಂಟು ಬಲಿಯಿತೋ, ಗಂಟಿಗೆ ಲೋಹ ಬಂದು ಅಂಟಿತೋ ಎಂಬ ವಾದ ಇನ್ನೂ ಮುಗಿದಿಲ್ಲ. ಅಲ್ಯೂಮಿನಿಯಂ ಪಾತ್ರೆಯಿಂದ ಮರೆವಿನ ಕಾಯಿಲೆ ಬರುತ್ತದೆಂಬ ಭಯ ಬಹಳ ಜನರಿಗಿದೆ. ದಶಕಗಳಿಂದ ಹುಡುಕಿದರೂ ಅದಕ್ಕೆ ಗಟ್ಟಿ ಆಧಾರ ಸಿಕ್ಕಿಲ್ಲ. ಮ್ಯಾಂಗನೀಸ್ ಮಾತು ಬೇರೆ. ಅದರ ಅದಿರು ಪುಡಿ ಮಾಡುವ ಕೆಲಸಗಾರರಿಗೆ ಕಾಲು ಸೋತು ನಡಿಗೆ ಕೆಟ್ಟದ್ದನ್ನು ಕೂಪರ್ ಎಂಬ ವೈದ್ಯರು 1837ರಲ್ಲೇ ದಾಖಲಿಸಿದ್ದರು. ಗಣಿಯಲ್ಲಿ, ವೆಲ್ಡಿಂಗ್‌ನಲ್ಲಿ ದುಡಿಯುವವರಿಗೆ ಒಳ್ಳೆಯ ಗಾಳಿ, ಸರಿಯಾದ ಮುಖಗವಸು ಸಿಗಲೇಬೇಕು. ಇದರಲ್ಲಿ ರಾಜಿ ಸಲ್ಲದು.

ಮತ್ತೆ ಆ ಹುಡುಗಿಯ ಹತ್ತಿರ ಬರುತ್ತೇನೆ. ಇಷ್ಟು ಕಾಯಿಲೆಗಳ ನಡುವೆ ಅವಳದಕ್ಕೆ ಮದ್ದಿದೆ. 1956ರಲ್ಲಿ ಜಾನ್ ವಾಲ್ಶ್ ಎಂಬ ವೈದ್ಯರು ಪೆನಿಸಿಲಮಿನ್ ಎಂಬ ಔಷಧಿಯಿಂದ ತಾಮ್ರವನ್ನು ಮೂತ್ರದಲ್ಲಿ ಹೊರಗೆ ತರಬಹುದೆಂದು ತೋರಿಸಿದರು. ಸತುವಿನ ಮಾತ್ರೆಯೂ ಇದೆ. ಸತು ಕರುಳಿನ ಗೋಡೆಯ ಕೋಶಗಳನ್ನು ಎಚ್ಚರಿಸುತ್ತದೆ. ಅವು ತಾಮ್ರವನ್ನು ಅಲ್ಲೇ ಹಿಡಿದಿಟ್ಟುಕೊಳ್ಳುತ್ತವೆ, ಕೆಲವು ದಿನಗಳಲ್ಲಿ ತಾವೇ ಉದುರಿ ಮಲದ ಜೊತೆ ಹೋಗುತ್ತವೆ. ಒಂದು ಲೋಹ ಇನ್ನೊಂದಕ್ಕೆ ಬಾಗಿಲು ಮುಚ್ಚುವುದು ಹೀಗೆ. ಚಿಕಿತ್ಸೆ ಜೀವನಪೂರ್ತಿ ಬೇಕು, ಹುಷಾರಾಯಿತೆಂದು ಮಧ್ಯದಲ್ಲಿ ಬಿಡಬಾರದು.

ಅವಳಿಗೆ ತಮ್ಮನೋ ತಂಗಿಯೋ ಇದ್ದರೆ ಅವರನ್ನೂ ಪರೀಕ್ಷೆ ಮಾಡಿಸಬೇಕು. ಒಡಹುಟ್ಟಿದ ಒಬ್ಬೊಬ್ಬರಿಗೂ ಈ ಕಾಯಿಲೆ ಇರುವ ಸಾಧ್ಯತೆ 4ರಲ್ಲಿ 1. ಕೈ ನಡುಗುವ ಮೊದಲೇ ಮಾತ್ರೆ ಶುರುವಾದರೆ, ಆ ಮಗುವಿನ ಕೈ ಬಹುಶಃ ನಡುಗುವುದೇ ಇಲ್ಲ.

ನಮಸ್ಕಾರ.