ಮುನಿಯಪ್ಪನ ನಂಬರು

ಎಲ್ಲರಿಗೂ ನಮಸ್ಕಾರ.

ಕಡಲು ದಾಟಿ ಹೋಗಿ ಊರಿಗೆ ಮರಳದ ಮುತ್ತಜ್ಜನನ್ನು ಹುಡುಕುವುದು ಹೇಗೆ? ಅದರಲ್ಲೂ ಒಂದು ಕಾಗದ ಹೇಳಿದ್ದನ್ನು ಇನ್ನೊಂದು ಕಾಗದ ಅಲ್ಲಗಳೆಯುತ್ತಿದ್ದರೆ? ಇವತ್ತಿನ ಮಾತು ಅದರ ಬಗ್ಗೆ.

ಮದ್ರಾಸಿನಿಂದ ಹೊರಟಿದ್ದ 'ಟ್ರೂರೊ' ಹಡಗು 1860ರ ನವೆಂಬರ್ 16ರಂದು ದಕ್ಷಿಣ ಆಫ್ರಿಕಾದ ಡರ್ಬನ್ ಮುಟ್ಟಿತು. ಅಲ್ಲಿಂದ 1911ರವರೆಗೆ ಒಂದೂವರೆ ಲಕ್ಷಕ್ಕೂ ಜಾಸ್ತಿ ಜನ ಕರಾರಿನ ಕೂಲಿಗಳಾಗಿ ನೇಟಾಲ್‌ಗೆ, ಅಂದರೆ ಡರ್ಬನ್ ಇರುವ ಆಗಿನ ಬ್ರಿಟಿಷ್ ವಸಾಹತಿಗೆ, ಹೋದರು. ಬಹಳಷ್ಟು ಮಂದಿಗೆ ಕಬ್ಬಿನ ಗದ್ದೆಯಲ್ಲಿ ಕೆಲಸ. ಹೆಚ್ಚಿನವರು ತಮಿಳರು, ತೆಲುಗರು, ಉತ್ತರದ ಭೋಜಪುರಿ ಸೀಮೆಯವರು. ನಮ್ಮ ಮೈಸೂರು ಸೀಮೆಯವರೂ ಆ ಪಟ್ಟಿಗಳಲ್ಲಿ ಇದ್ದಾರೆ.

ಒಂದು ಉದಾಹರಣೆ ಕಟ್ಟಿಕೊಳ್ಳೋಣ. ಡರ್ಬನ್‌ನ ಒಂದು ಮನೆಯಲ್ಲಿ ಮೂರು ಕಾಗದ ಇವೆ ಅಂದುಕೊಳ್ಳಿ. 1898ರ ಹಡಗಿನ ಪಟ್ಟಿಯಲ್ಲಿ 'ಮುನಿಯಪ್ಪ, 22 ವರ್ಷ, ಕೋಲಾರ, ಓಸಪಲ್ಲಿ'. ಮದುವೆ ಕಾಗದದಲ್ಲಿ 'ಮುನಿಯಾ, ಮದ್ರಾಸ್'. 1940ರ ಮರಣ ದಾಖಲೆಯಲ್ಲಿ 'ಮುನ್ಸಾಮಿ, 75 ವರ್ಷ'. ಮೂವರೂ ಬೇರೆ ಬೇರೆ ಜನ ಅನ್ನಿಸುತ್ತದೆ, ಅಲ್ವಾ?

ಸುಮ್ನೆ ಯಾವುದೋ ಒಂದನ್ನು ನಂಬಿ ಉಳಿದದ್ದನ್ನು ಬಿಡಬೇಡಿ. ಪ್ರತಿ ಕಾಗದಕ್ಕೂ ಒಂದೇ ಪ್ರಶ್ನೆ ಕೇಳಿ: ಹೇಳಿದ್ದು ಯಾರು, ಬರೆದುಕೊಂಡದ್ದು ಯಾರು? ಮರಣದ ದಿನ ವಯಸ್ಸು ಹೇಳಿದ್ದು ಸತ್ತವನಲ್ಲ, ಮಗನೋ ಪಕ್ಕದ ಮನೆಯವನೋ. 'ಮದ್ರಾಸ್' ಹಡಗು ಹತ್ತಿದ ಬಂದರು, ಹುಟ್ಟೂರಲ್ಲ. ಇದೊಂದನ್ನು ತಪ್ಪು ತಿಳಿದು ಎಷ್ಟೋ ಮನೆಯವರು ತಮಿಳುನಾಡಿನಲ್ಲೇ ಸುತ್ತಾಡುವ ಹಾಗಾಗುತ್ತದೆ. ಇನ್ನು, ಮನೆಯಲ್ಲಿ ತೆಲುಗು ಮಾತಾಡುತ್ತಿದ್ದರು ಅಂತ ಕೋಲಾರವನ್ನು ಬಿಡುವ ಹಾಗಿಲ್ಲ. ಅಲ್ಲಿ ತೆಲುಗು ಮನೆಮಾತಿನವರು ಇವತ್ತಿಗೂ ಬೇಕಾದಷ್ಟಿದ್ದಾರೆ.

'ಓಸಪಲ್ಲಿ'ಯನ್ನು ಬಾಯಿಬಿಟ್ಟು ಓದಿ. ಮುನಿಯಪ್ಪ ಕನ್ನಡದಲ್ಲಿ ಹೇಳಿದ, ಗುಮಾಸ್ತನ ಕಿವಿ ತಮಿಳಿನದ್ದು. ನಮ್ಮ ಹೊಸೂರು ತಮಿಳಿನಲ್ಲಿ ಓಸೂರ್ ಆಗುವುದನ್ನು ನೋಡಿದ್ದೀರಿ. ಹಾಗೆಯೇ 'ಹ' ಬಿದ್ದುಹೋಗಿ, ಹಳ್ಳಿ ಹೋಗಿ ಪಲ್ಲಿ ಆದರೆ, ಅದು ಹೊಸಹಳ್ಳಿ! ಆದರೆ ಹೊಸಹಳ್ಳಿಗಳು ಒಂದೆರಡಲ್ಲ. ಸಾಲದ್ದಕ್ಕೆ, ಆಗಿನ ಕೋಲಾರ ಜಿಲ್ಲೆಯ ಒಂದು ಭಾಗ 2007ರಲ್ಲಿ ಚಿಕ್ಕಬಳ್ಳಾಪುರ ಜಿಲ್ಲೆ ಆಗಿದೆ. ಎರಡೂ ಕಡೆ ಹುಡುಕಬೇಕು.

ಇಲ್ಲಿ ಮನೆಯವರು ಹೇಳಿಕೊಂಡು ಬಂದ ಮಾತು ಕೈ ಹಿಡಿಯುತ್ತದೆ. 'ಅಜ್ಜ ಧಾತು ಈಶ್ವರ ಬರದಲ್ಲಿ ಹುಟ್ಟಿದ್ದು' ಅಂತ ಯಾರಾದರೂ ಹೇಳುತ್ತಿದ್ದರೆ ಅದನ್ನು ಬರೆದಿಟ್ಟುಕೊಳ್ಳಿ. ಅದು 1876–78ರ ಬರ, ಮೈಸೂರು ಸಂಸ್ಥಾನದಲ್ಲಿ ಲಕ್ಷಗಟ್ಟಲೆ ಜನ ಸತ್ತ ಬರ. 1898ಕ್ಕೆ 22 ವರ್ಷ ಅಂದರೆ ಲೆಕ್ಕ ಕೂಡುತ್ತದೆ. ಮರಣ ದಾಖಲೆಯ 75 ಅಂದಾಜಿನದ್ದು. ಮನೆದೇವರು ಯಾವುದು ಅಂತಲೂ ಕೇಳಿ. ಹೆಸರು ಸವೆದುಹೋದ ಮನೆಯಲ್ಲೂ ದೇವರು ಉಳಿದಿರುತ್ತದೆ.

ಹೆಸರಿನ ಗೋಜಲು ಬೇರೆ. ಇಲ್ಲಿ ಇನಿಷಿಯಲ್ ಆಗಿ ನಿಲ್ಲುವ ಅಪ್ಪನ ಹೆಸರು ಅಲ್ಲಿ ಸರ್‌ನೇಮ್ ಆಗಿಬಿಟ್ಟಿದೆ.

ಇಷ್ಟೆಲ್ಲದರ ನಡುವೆ ನಾನು ಹೆಚ್ಚು ನೆಚ್ಚುವುದು ಒಂದು ನಂಬರನ್ನು. ಇಳಿದ ಪ್ರತಿಯೊಬ್ಬರಿಗೂ ನೇಟಾಲ್ ಸರ್ಕಾರ ಒಂದು ಸಂಖ್ಯೆ ಕೊಟ್ಟಿತ್ತು. ಮನುಷ್ಯನನ್ನು ನಂಬರು ಮಾಡಿದ್ದು ನೆನೆದರೆ ಸಂಕಟವಾಗುತ್ತದೆ. ಆದರೆ ಮುನಿಯಪ್ಪ, ಮುನಿಯಾ, ಮುನ್ಸಾಮಿ ಮೂವರೂ ಒಬ್ಬನೇ ಅಂತ ಗಟ್ಟಿಯಾಗಿ ಹೇಳಬಲ್ಲದ್ದು ಅದೇ. ಮೂರೂ ಕಾಗದದಲ್ಲಿ ಅದನ್ನೇ ಮೊದಲು ಹುಡುಕಿ.

ಆಮೇಲೆ ಅಜ್ಜಿಯ ನಂಬರು ನೋಡಿ. ಒಟ್ಟಿಗೆ ಬಂದ ಗಂಡ ಹೆಂಡತಿಯ ಸಂಖ್ಯೆಗಳು ಸಾಮಾನ್ಯವಾಗಿ ಅಕ್ಕಪಕ್ಕ ಇರುತ್ತವೆ. 'ಇಬ್ಬರೂ ಕೈ ಹಿಡಿದುಕೊಂಡು ಹಡಗು ಹತ್ತಿದರು' ಅಂತ ಮನೆಯವರು ಹೇಳುತ್ತಿದ್ದು, ನಂಬರುಗಳ ನಡುವೆ ಸಾವಿರಾರು ಅಂತರ ಇದ್ದರೆ, ಅವಳು ಬಹುಶಃ ಬೇರೆ ಹಡಗಿನಲ್ಲಿ, ಒಬ್ಬಳೇ ಬಂದವಳು. ಅವಳ ಊರನ್ನು ಬೇರೆಯೇ ಹುಡುಕಬೇಕು.